ಕಾಕಾ ನೇಯ್ದ ಕಣ್ಣಿನ ಚೌಕಡಿ

ಕಣ್ಣು ತೋರಿಸಲು ಬಂದವರು ಸುಮ್ಮನೆ ಕೂತು, ತೋರಿಸಿ, ಎದ್ದು ಹೋಗುತ್ತಾರೆ ಎಂದು ಯಾರಾದರೂ ತಿಳಿದಿದ್ದರೆ ಅವರು ಒಂದು ವಾರ ನನ್ನ ಜೊತೆ ಜೀಪಿನಲ್ಲಿ ತಿರುಗಬೇಕು. ಸೋಮವಾರ ರೋಣ, ಬುಧವಾರ ನರಗುಂದ, ಶುಕ್ರವಾರ ಗಜೇಂದ್ರಗಡ, ನಡುನಡುವೆ ಹಳ್ಳಿಗಳು. ಇಪ್ಪತ್ತೆರಡು ವರ್ಷದಿಂದ ಇದೇ ಸುತ್ತು. ವಾರ ಕಳೆಯುವುದರೊಳಗೆ ಮುಂದೆ ಹೇಳುವಂಥದ್ದು ಒಂದಾದರೂ ನಡೆದೇ ನಡೆಯುತ್ತದೆ, ಮತ್ತು ಪ್ರತಿ ಸಲ ಪೆಚ್ಚಾಗುವವನು ನಾನೇ.

ನಾನು ಡಾಕ್ಟರ್ ಅಲ್ಲ. ಪೇಶಂಟನ್ನು ಕೂರಿಸಿ, ಅಕ್ಷರ ಓದಿಸಿ, ಕಣ್ಣಿಗೆ ಹನಿ ಹಾಕಿ, ಚಾಳೀಸಿನ ನಂಬರ್ ಬರೆಯುವವನು. ಹೀಗಾಗಿ ಈ ಮೂರೂ ಊರುಗಳಲ್ಲಿ ನಾನು ಚಾಳೀಸ ಸಾಹೇಬ. ಡಾಕ್ಟರ್ ಎಂದರೆ ನಮ್ಮ ಬಾಯಾರು. ಓದಿದ ಹೆಣ್ಣುಮಕ್ಕಳನ್ನು ಈ ಕಡೆಯ ಹಿರಿಯರು ಹಾಗೇ ಕರೆಯುತ್ತಾರೆ. ಬಾಯಾರು ಮಾತಾಡುವುದು ಕಡಿಮೆ, ನಗುವುದು ಇನ್ನೂ ಕಡಿಮೆ. ಆ ಎರಡೂ ಕೊರತೆಯನ್ನು ನಾನು ಧಾರಾಳವಾಗಿ ತುಂಬುತ್ತೇನೆ, ಅದಕ್ಕೇ ಊರೂರಿನ ಕಣ್ಣಿನ ಶಿಬಿರದಲ್ಲಿ ಭಾಷಣದ ಕೆಲಸ ನನಗೇ ಬಿದ್ದಿದೆ.

ಭಾಷಣ ಎಲ್ಲ ಕಡೆಯೂ ಒಂದೇ. ಕಣ್ಣಿನ ಹಿಂದಿನ ಪರದೆಯ ನಟ್ಟನಡುವೆ ಒಂದು ಸಣ್ಣ ಜಾಗ ಇದೆ. ಎದುರಿಗಿದ್ದವರ ಮುಖ ಗುರುತಿಸುವುದು, ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಅದರ ಕೆಲಸ. ಅಲ್ಲಿ ಒಂದು ಹಳದಿ ಬಣ್ಣ ಇರುತ್ತದೆ. ಚುಚ್ಚುವ ನೀಲಿ ಬೆಳಕನ್ನು ಅದು ಸ್ವಲ್ಪ ಸೋಸಿ ಒಳಗೆ ಬಿಡುತ್ತದೆ. ಆ ಬಣ್ಣವನ್ನು ನಮ್ಮ ಮೈ ತಾನಾಗಿ ತಯಾರಿಸಲಾರದು, ಊಟದಿಂದಲೇ ಬರಬೇಕು: ತಪ್ಪಲ ಪಲ್ಲೆ ಅಂದರೆ ಸೊಪ್ಪು, ಗೋವಿನಜೋಳ, ತಿನ್ನುವವರಿಗೆ ತತ್ತಿಯ ಹಳದಿ. ಅದು ಕಡಿಮೆ ಇದ್ದವರಿಗೆ ವಯಸ್ಸಾದ ಮೇಲೆ ನಡುವಿನ ನೋಟ ಹೋಗುವ ಭಯ ಹೆಚ್ಚಿರಬಹುದು ಎಂದು ಬಲ್ಲವರು ಹೇಳುತ್ತಾರೆ. ಬೀಡಿ ಸೇದುವವರಿಗೆ ಭಯ ಇನ್ನೂ ಹೆಚ್ಚು, ಅದರಲ್ಲಿ ಬಲ್ಲವರಿಗೆ ಅನುಮಾನವೇ ಇಲ್ಲ. ಇಷ್ಟೇ. ನಾಲ್ಕು ನಿಮಿಷದ ಮಾತು. ನಾನು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತೇನೆ.

ಐದು ಎಲೆ

ಅಬ್ಬಿಗೇರಿಯಲ್ಲಿ ಆ ಇಪ್ಪತ್ತು ನಿಮಿಷದ ಹದಿನೆಂಟನೆಯ ನಿಮಿಷ ನಡೆದಿತ್ತು. ಮುಂದೆ ಕೂತಿದ್ದ ಅಜ್ಜಿಯೊಬ್ಬಳು ಕೈ ಎತ್ತಿದಳು. ಎಪ್ಪತ್ತು ದಾಟಿದ ಜೀವ, ಹೊಲದಿಂದ ನೆಟ್ಟಗೆ ಶಿಬಿರಕ್ಕೆ ಬಂದಿದ್ದಳು. ಉಡಿಯಲ್ಲಿ ಒಂದು ಗಂಟು ಇತ್ತು.

"ಸಾಹೇಬ್ರ, ತಪ್ಪಲ ತಿನ್ರಿ, ತಪ್ಪಲ ತಿನ್ರಿ ಅಂತ ಆವಾಗಿಂದ ಹೇಳಾಕತ್ತೀರಿ. ಯಾವ ತಪ್ಪಲಾ?"

"ಎಲ್ಲಾ ತಪ್ಪಲಾನೂ ಚಲೋನ ಯಜ್ಜಿ."

"ಎಲ್ಲಾ ಅಂದ್ರ ಹ್ಯಾಂಗ? ಹೊಲದಾಗ ದನಾನೂ ಮುಟ್ಟಲಾರದ್ದು ಇರತಾವ."

ಅಜ್ಜಿ ಎದ್ದು ಬಂದು ಉಡಿಯ ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ ಒಂದೊಂದೇ ಎಲೆ ಇಟ್ಟಳು. ಐದು ಎಲೆ. "ಇವುಗೋಳ ಹೆಸರ ಹೇಳ್ರಿ ಹಂಗಾರ" ಅಂದಳು. ಊರಿನ ಅರ್ಧ ಜನ ನೋಡುತ್ತಿದ್ದರು. ಮೆಂತ್ಯ ಗುರುತು ಸಿಕ್ಕಿತು, ಅದನ್ನು ಜೋರಾಗಿ ಹೇಳಿದೆ. ಎರಡನೆಯದಕ್ಕೆ ಮೂಲಂಗಿ ಅಂದೆ, ಅದು ಹಕ್ಕರಕಿ. ಮೂರನೆಯದಕ್ಕೆ ಪಾಲಕ್ ಅಂದೆ, ಅದು ಎಳೆ ಕುಸುಬಿ. ನಾಲ್ಕನೆಯ ಕಿರಕಸಾಲಿಗೂ ಐದನೆಯ ಗೋಳಿಗೂ ಹೆಸರೇ ಹೊಳೆಯಲಿಲ್ಲ.

ಅಜ್ಜಿ ಎಲ್ಲವನ್ನೂ ಎಲ್ಲರಿಗೂ ತೋರಿಸಿ, ಯಾವುದನ್ನು ಹಸಿಯಾಗಿ ತಿನ್ನಬೇಕು, ಯಾವುದನ್ನು ಬೇಳೆ ಹಾಕಿ ಬೇಯಿಸಬೇಕು ಎಂದು ಹೇಳಿದಳು. ಹಸಿಯದನ್ನು ರೊಟ್ಟಿ ಜೊತೆ ಕಡಿದುಕೊಳ್ಳುವಾಗ ಶೇಂಗಾ ಚಟ್ನಿಗೆ ಎಣ್ಣೆ ಹಾಕಿಕೊಳ್ಳಲೇಬೇಕು, "ಇಲ್ಲಂದ್ರ ಮೈಗೆ ಹತ್ತಂಗಿಲ್ಲ" ಅಂದಳು. ಆ ಹಳದಿ ಬಣ್ಣ ಮೈಗೆ ಹತ್ತಬೇಕಾದರೆ ಊಟದಲ್ಲಿ ಒಂದಿಷ್ಟು ಎಣ್ಣೆ ಬೇಕು ಎನ್ನುವುದನ್ನು ನಾನು ತರಬೇತಿಯಲ್ಲಿ ಕಲಿತದ್ದು. ಅಜ್ಜಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ನನಗೆ ನಿಜವಾಗಿ ಹೆಮ್ಮೆಯಾಯಿತು. ನಾಚಿಕೆಯೂ ಆಯಿತು, ಅದು ಬೇರೆ ಮಾತು.

ಹನಿ ಹಾಕಲು ಕರೆದರೆ ಅಜ್ಜಿ ಬರಲಿಲ್ಲ. ಬಾಯಾರ ಕಡೆ ತಿರುಗಿ ಹೇಳಿದಳು: "ಬಾಯಾರ, ಮೊದಲ ಈ ಸಾಹೇಬ್ರ ಕಣ್ಣ ನೋಡ್ರಿ. ನಮ್ಮದೇನ ಅವಸರಿಲ್ಲ."

ನಡುವಿನ ಚುಕ್ಕೆ

ನಮ್ಮಲ್ಲಿ ಒಂದು ಕಾರ್ಡು ಇದೆ. ಅಂಗೈ ಅಗಲದ್ದು. ಬಿಳಿಯ ಮೇಲೆ ಕಪ್ಪು ಗೆರೆ, ಅಡ್ಡಕ್ಕೂ ಉದ್ದಕ್ಕೂ, ಸಣ್ಣ ಸಣ್ಣ ಚೌಕಡಿ, ನಟ್ಟನಡುವೆ ಒಂದು ಚುಕ್ಕೆ. ಓದುವ ಚಾಳೀಸು ಹಾಕಿಕೊಂಡು, ಒಂದು ಕಣ್ಣು ಮುಚ್ಚಿ, ಚುಕ್ಕೆಯನ್ನೇ ನೋಡಬೇಕು. ಆಮೇಲೆ ಇನ್ನೊಂದು ಕಣ್ಣು. ಸುತ್ತಲಿನ ಗೆರೆ ನೆಟ್ಟಗೆ ಕಂಡರೆ ಸರಿ. ಬಾಗಿದಂತೆ, ಅಳಿಸಿದಂತೆ ಕಂಡರೆ ನಡುವಿನ ಪರದೆಯಲ್ಲಿ ಏನೋ ಕೆಟ್ಟಿದೆ ಎಂದೇ ಲೆಕ್ಕ, ತಡಮಾಡದೆ ದವಾಖಾನೆಗೆ ಬರಬೇಕು.

ನರಗುಂದದಲ್ಲಿ ನಿವೃತ್ತ ಬಸ್ ಡ್ರೈವರ್ ಒಬ್ಬರಿಗೆ ಇದನ್ನು ಕೊಟ್ಟೆ. ಅವರ ತೆರೆದ ಕಣ್ಣು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಮೇಲಕ್ಕೆ ಹೋಯಿತು. ಚುಕ್ಕೆಯ ಮೇಲೆ ಮಾತ್ರ ನಿಲ್ಲಲಿಲ್ಲ.

"ಚುಕ್ಕಿ ನೋಡ್ರಿ."

"ನೋಡಾಕತ್ತೀನಲ್ರಿ."

"ಇಲ್ಲ, ನೀವು ಮೂಲಿ ನೋಡಾಕತ್ತೀರಿ."

"ಮೂಲ್ಯಾಗಿಂದ ಏನರ ಅಡ್ಡ ಬಂದ್ರ?"

"ಕಾರ್ಡಿನ್ಯಾಗ ಏನ ಬರ್ತೈತ್ರೀ ಅಡ್ಡ?"

"ಸಾಹೇಬ್ರ, ಮೂವತ್ತೊಂದ ವರ್ಷ ಗಾಡಿ ಹೊಡದೀನಿ. ನನ್ನ ಕೈಯಾಗ ಒಬ್ಬರಿಗೂ ಒಂದ ಗೀರ ಬಿದ್ದಿಲ್ಲ. ಒಂದ ಕಡೆ ನೋಡಿಕೊಂತ ಹೊಡದವರೆಲ್ಲಾ ಹಳ್ಳಕ್ಕ ಇಳಿದಾರ."

ಮೂವತ್ತೊಂದು ವರ್ಷ ಒಬ್ಬರಿಗೂ ಗೀರು ಬೀಳಿಸದ ಮನುಷ್ಯ. ಕುರ್ಚಿಯಿಂದ ಎದ್ದು ಕೈ ಮುಗಿಯಬೇಕು ಅನ್ನಿಸಿತು. ಆದರೆ ಪರೀಕ್ಷೆ ಪರೀಕ್ಷೆಯೇ. ಗಾಡಿ ಡಿಪೋದಲ್ಲಿ ನಿಂತಿದೆ, ಕೀಲಿ ತೆಗೆದಿದ್ದೀರಿ, ಡ್ಯೂಟಿ ಮುಗಿದಿದೆ ಎಂದು ಒಂದೊಂದೇ ಹೇಳಿ ಒಪ್ಪಿಸಿದೆ. ಆಗ ಕಣ್ಣು ಚುಕ್ಕೆಯ ಮೇಲೆ ನಿಂತಿತು. ಬಲಗಣ್ಣಿಗೆ ಎಲ್ಲ ಗೆರೆ ನೆಟ್ಟಗೆ. ಎಡಗಣ್ಣಿಗೆ ಶುರುಮಾಡಿದೆವು. ಅಷ್ಟರಲ್ಲಿ ಹೊರಗೆ ರಸ್ತೆಯಲ್ಲಿ ಒಂದು ಲಾರಿ ಜೋರಾಗಿ ಹಾರ್ನ್ ಹೊಡೆಯಿತು.

ಡ್ರೈವರ್ ಸಾಹೇಬರು ಒಂದು ಕಣ್ಣು ಮುಚ್ಚಿಕೊಂಡೇ, ಕಾರ್ಡು ಬಿಡದೆ, ಕುರ್ಚಿಯನ್ನು ಎಡಕ್ಕೆ ಎರಡು ಗೇಣು ಸರಿಸಿಕೊಂಡರು. ನಾನು ಅವರ ಮುಖ ನೋಡಿದೆ. ಅವರು ಸಮಾಧಾನದಿಂದ ಹೇಳಿದರು: "ಪಾಪ, ಅವಸರದಾಗ ಅದಾನ. ಹೋಗ್ಲಿ ಬಿಡ್ರಿ, ನಾವ ಆಮ್ಯಾಲ ನೋಡೂಣು."

ಸಾಗಿ ಬಂದ ಮಾಲು ವಾಪಸ್

ಈಗ ಗಜೇಂದ್ರಗಡದ ಕಾಕಾ, ಓಣಿಗೆಲ್ಲ ಕಾಕಾ, ಹಾಗೇ ನನಗೂ. ನಾನು ಈ ಎಲ್ಲ ಬರೆಯಲು ಕೂತದ್ದೇ ಇವರ ಸಲುವಾಗಿ.

ಅರವತ್ತೆಂಟರ ನೇಕಾರರು. ಅಪ್ಪನ ಕಾಲದ ಕುಣಿ ಮಗ್ಗ, ನೆಲದ ಕುಣಿಯಲ್ಲಿ ಕಾಲು ಬಿಟ್ಟು ಕೂತು ನೇಯುವುದು. ಹನ್ನೆರಡನೆಯ ವಯಸ್ಸಿಗೆ ಕೂತವರು ಇನ್ನೂ ಎದ್ದಿಲ್ಲ. ನೇಯುವುದು ಪಟ್ಟೇದಂಚಿನ ಸೀರೆ, ಮೈತುಂಬ ಚೌಕಡಿ, ಎರಡೂ ಕಡೆ ಅಗಲ ದಡಿ, ಅಂದರೆ ಅಂಚು. ಇವರು ನೇಯ್ದ ಚೌಕಡಿಯ ಮೇಲೆ ಅಳತೆಪಟ್ಟಿ ಇಟ್ಟು ನೋಡಿದವರು ಪಟ್ಟಿಯ ಮೇಲೇ ಅನುಮಾನ ಪಟ್ಟಿದ್ದಾರೆ ಎಂದು ಓಣಿಯಲ್ಲಿ ಮಾತಿದೆ.

ಅವರನ್ನು ಶಿಬಿರಕ್ಕೆ ಎಳೆದು ತಂದವರು ಅವರ ಹೆಂಡತಿ. ಕಾಕಾನ ಹೆಂಡತಿ ಆದ್ದರಿಂದ ನನಗೆ ಚಿಗವ್ವ. "ಇವರಪ್ಪಗ ಕಡೀಕ ಕಣ್ಣಿನ ನಡುವಿಂದ ಹೋಗಿತ್ರಿ. ಇವರದೂ ನೋಡ್ರಿ" ಅಂದರು. ಕಾಕಾ ಸಿಟ್ಟಿನಿಂದ ಕೂತಿದ್ದರು. ಆದರೆ ಅಪ್ಪನ ಮಾತು ಬಂದಾಗ ದನಿ ಇಳಿಯಿತು. "ಅಪ್ಪಗ ಸೀರಿ ದಡಿ ಕಾಣ್ತಿತ್ತು, ಮೈ ಕಾಣ್ತಿರಲಿಲ್ಲ. ಬಾಗಲಾ ಕಾಣ್ತಿತ್ತು, ಬಾಗಲದಾಗ ನಿಂತಾಂವ ಕಾಣ್ತಿರಲಿಲ್ಲ. ಆರ ವರ್ಷ ನನ್ನ ಮಾರಿ ನೋಡಲಾರದ ಇದ್ದು ಹ್ವಾದ" ಅಂದರು.

ಬಾಯಾರು ಹನಿ ಹಾಕಿಸಿ ಒಳಗಿನ ಪರದೆ ನೋಡಿದರು. ಎರಡೂ ಕಣ್ಣಲ್ಲಿ ವಯಸ್ಸಿನ ಸಣ್ಣ ಕಲೆಗಳು ಬೀಳಲು ಶುರುವಾಗಿದ್ದವು. ಹಾಗೇ ವರ್ಷಗಟ್ಟಲೆ ಇರಬಹುದು, ಒಮ್ಮೆಲೇ ಪರದೆಯೊಳಗೆ ನೀರು, ರಕ್ತ ಸೋರಲೂಬಹುದು. ಸೋರಿದ ಹೊಸದರಲ್ಲೇ ಹಿಡಿದರೆ ನೋಟ ಉಳಿಸಬಹುದು. ಬಿಟ್ಟರೆ ಅಪ್ಪನ ದಾರಿ. ಬಾಯಾರು ಇದನ್ನು ಸುತ್ತು ಬಳಸದೆ ಹೇಳಿದರು. ಊಟದಲ್ಲಿ ತಪ್ಪಲ ಪಲ್ಲೆ, ಒಂದು ಗುಳಿಗೆ, ಬೀಡಿ ಬಂದ್, ಮತ್ತು ದಿನಾ ಮುಂಜಾನೆ ಕಾರ್ಡು.

ಕಾಕಾ ಕಾರ್ಡನ್ನು ಕೈಗೆ ತೆಗೆದುಕೊಂಡರು. ಚುಕ್ಕೆ ನೋಡಲಿಲ್ಲ. ಹಿಂದೆ ಮುಂದೆ ತಿರುಗಿಸಿದರು, ಬೆಳಕಿಗೆ ಹಿಡಿದರು, ಉಗುರಿನಿಂದ ಗೆರೆ ಸವರಿದರು. ಅಂಗಿ ಕಿಸೆಯಿಂದ ಎಳೆ ಎಣಿಸುವ ಸಣ್ಣ ಭೂತಗನ್ನಡಿ ತೆಗೆದು ಒಂದೊಂದು ಚೌಕಡಿಯ ಮೇಲೂ ಇಟ್ಟು ನೋಡಿದರು. ಹಿಂದೆ ಹದಿನಾಲ್ಕು ಜನ ಪಾಳಿ ಹಚ್ಚಿ ನಿಂತಿದ್ದರು.

ಕೊನೆಗೆ ಕಾರ್ಡನ್ನು ನನ್ನ ಮುಂದೆ ಇಟ್ಟರು. "ಎಡಗಡಿ ಗೆರಿ ದಪ್ಪ, ಬಲಗಡಿ ಸಣ್ಣ. ಏಳನೇ ಸಾಲ ಒಂದೆಳಿ ಮ್ಯಾಗ ಸರದೈತಿ. ಇದನ್ನ ಮಾಡಿದಾಂವ ಯಾಂವ ಅದಾನ, ಅವಗ ಮಾಲು ವಾಪಸ್ ಕಳಸ್ರಿ. ಚಲೋದು ಬಂದ ಮ್ಯಾಲ ನಾ ಬರ್ತೀನಿ."

ಕೆಂಪು ದಡಿ

ಚಲೋದು ನಾವು ತರಿಸಲಿಲ್ಲ. ಕಾಕಾ ತಾವೇ ತಂದರು.

ಮುಂದಿನ ಶುಕ್ರವಾರ ಅವರು ಮಡಿಚಿದ ಒಂದು ಬಟ್ಟೆಯನ್ನು ಮೇಜಿನ ಮೇಲೆ ಬಿಚ್ಚಿದರು. ಕರವಸ್ತ್ರಕ್ಕಿಂತ ದೊಡ್ಡದು, ಟವೆಲಿಗಿಂತ ಸಣ್ಣದು. ಬಿಳಿ ನೂಲಿನ ನೆಲ, ಕಪ್ಪು ನೂಲಿನ ಗೆರೆ. ಅಡ್ಡಕ್ಕೆ ಇಪ್ಪತ್ತು ಚೌಕಡಿ, ಉದ್ದಕ್ಕೆ ಇಪ್ಪತ್ತು. ನಡುವೆ ಚಿಗವ್ವ ಕಪ್ಪು ದಾರದಲ್ಲಿ ಚುಕ್ಕೆ ಹೊಲಿದಿದ್ದರು. ನಾನು ಅಳತೆಪಟ್ಟಿ ಇಟ್ಟೆ. ಓಣಿಯ ಮಾತು ಸುಳ್ಳಾಗಿರಲಿಲ್ಲ, ಪಟ್ಟಿಯ ಮೇಲೇ ಅನುಮಾನ ಬಂತು.

ಬಾಯಾರು ಆ ಬಟ್ಟೆಯನ್ನು ಬಹಳ ಹೊತ್ತು ನೋಡಿದರು. ನಾನು ಅವರ ಜೊತೆ ಕೆಲಸಕ್ಕೆ ಬಂದು ಒಂಬತ್ತು ವರ್ಷ, ಅವರ ಬಾಯಿಂದ "ವಾಹ್" ಎನ್ನುವ ಶಬ್ದ ಬಂದದ್ದು ಅದೇ ಮೊದಲು.

"ಕಾಗದ ಹಸಿ ಆದ್ರ ಸೊಟ್ಟ ಆಗ್ತೈತಿ, ಬಿಸಲ ಬಿದ್ರ ಸೊಟ್ಟ ಆಗ್ತೈತಿ" ಅಂದರು ಕಾಕಾ. "ಇದು ಗಂಜಿ ಕೊಟ್ಟು ನೇದಿದ್ದು. ನನ್ನ ಕೈ ತಪ್ಪಂಗಿಲ್ಲ. ಇದರಾಗ ಗೆರಿ ಬಾಗಿತು ಅಂದ್ರ ಕಣ್ಣ ಬಾಗೇತಿ ಅಂತ ತಿಳಕೊಂಡು ಓಡಿ ಬರ್ತೀನಿ."

ಇದಕ್ಕಿಂತ ಸರಿಯಾದ ಮಾತು ನನ್ನ ಇಪ್ಪತ್ತು ನಿಮಿಷದ ಭಾಷಣದಲ್ಲಿ ಎಲ್ಲೂ ಇಲ್ಲ. ಒಂದೇ ತೊಂದರೆ. ಬಟ್ಟೆಯ ಎರಡೂ ಕಡೆ ನಾಲ್ಕು ಬೆರಳು ಅಗಲ ಕಡುಗೆಂಪು ದಡಿ, ಅದರ ಮೇಲೆ ಸಾಲಾಗಿ ಗೋಪುರ. ಚುಕ್ಕೆ ನೋಡು ಅಂದರೆ ಕಣ್ಣು ದಡಿಗೇ ಓಡುತ್ತದೆ.

"ಕಾಕಾ, ದಡಿ ಬ್ಯಾಡಾಗಿತ್ತಲ್ರಿ ಇದಕ್ಕ."

ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ದಡಿ ಇಲ್ಲದ ಅರಬಿ ಇವತ್ತಿನ ತನಕ ನನ್ನ ಮಗ್ಗದಿಂದ ಇಳದಿಲ್ಲ. ನೀವ ಹಂಗ ಬರೇ ಮೈಲೆ ತಿರಗ್ತೀರೇನು?"

ದಡಿಯನ್ನು ಹಿಂದಕ್ಕೆ ಮಡಿಚಿ ಹೊಲಿಗೆ ಹಾಕಲು ಚಿಗವ್ವ ಕಾಕಾನನ್ನು ಒಪ್ಪಿಸಿದರು. ಬಾಯಾರು ನಮ್ಮ ದವಾಖಾನೆಗೂ ಅಂಥದ್ದೊಂದು ಬೇಕು ಎಂದು ಕೇಳಿದರು, ದಡಿ ಇಲ್ಲದ್ದು. ಎರಡು ವಾರದಲ್ಲಿ ಬಂತು. ದಡಿ ಇರಲಿಲ್ಲ. ಸೆರಗು ಇತ್ತು.

ತಾಟಿನ ಹಸಿರು

ಮನೆಗೆ ಊಟಕ್ಕೆ ಕರೆದರು, ಹೋದೆ. ಚಿಗವ್ವ ಬಾಯಾರ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಿದ್ದರು. ರೊಟ್ಟಿಯೊಳಗೆ ಮೆಂತ್ಯ, ಬೇಳೆಯೊಳಗೆ ರಾಜಗಿರಿ, ಪಕ್ಕಕ್ಕೆ ಹಸಿ ಹಕ್ಕರಕಿ, ಕಡಲೆಹಿಟ್ಟಿನ ಜುಣಕದಲ್ಲಿ ಉಳ್ಳಾಗಡ್ಡಿ ತಪ್ಪಲು. ಮಜ್ಜಿಗೆಯಲ್ಲೂ ಏನೋ ಹಸಿರು ತೇಲುತ್ತಿತ್ತು. ಅಬ್ಬಿಗೇರಿಯ ಅಜ್ಜಿಯ ದಯೆಯಿಂದ ಈ ಸಲ ಎಲ್ಲದರ ಹೆಸರು ಹೇಳಿದೆ.

ಕಾಕಾ ಮೆಲ್ಲಗೆ ದೂರು ಹೇಳಿದರು: "ಸಾಹೇಬ್ರ, ಕಣ್ಣಿಗೆ ಚಲೋ ಅಂತ ಮಾಡ್ತಾಳ. ತಾಟಿನ್ಯಾಗ ಏನೈತಿ ಅಂತ ಕಣ್ಣಿಟ್ಟು ನೋಡಿದ್ರ ಬೈತಾಳ."

ನಾನು ಚಿಗವ್ವನಿಗೆ ಹೇಳಿದೆ, ತಪ್ಪಲು ತಿಂದರೆ ಮುಂದಿನ ಅಪಾಯ ಕಡಿಮೆಯಾಗಬಹುದು ಅಷ್ಟೇ, ಬಿದ್ದ ಕಲೆ ಹೋಗುವುದಿಲ್ಲ, ಕಾರ್ಡು, ಅಂದರೆ ಬಟ್ಟೆ, ದಿನಾ ನೋಡಲೇಬೇಕು. ನೀವೂ ತಿನ್ನಿ, ನೀವೂ ನೋಡಿ, ಕಣ್ಣು ನಿಮಗೂ ಎರಡಿವೆ ಎಂದೆ. ಇದನ್ನು ಕಾಕಾ ಬಹಳ ಗಂಭೀರವಾಗಿ ತೆಗೆದುಕೊಂಡರು. ಮರುದಿನದಿಂದ ಮುಂಜಾನೆ ಮಗ್ಗಕ್ಕೆ ಇಳಿಯುವ ಮೊದಲು ಬಟ್ಟೆಯನ್ನು ಗೋಡೆಗೆ ತೂಗುಹಾಕಿ, ಮೊದಲು ತಾವು ನೋಡುವುದು, ಆಮೇಲೆ ಹೆಂಡತಿಯನ್ನು ನಿಲ್ಲಿಸಿ ಅವರ ಒಂದು ಕಣ್ಣನ್ನು ತಮ್ಮ ಅಂಗೈಯಿಂದ ಮುಚ್ಚಿ "ನೆಟ್ಟಗ ಅದಾವ?" ಎಂದು ಕೇಳುವುದು. ನಲವತ್ತೈದು ವರ್ಷದ ಸಂಸಾರದಲ್ಲಿ ಗಂಡ ದಿನಾ ತಮ್ಮ ಮುಖದ ಹತ್ತಿರ ನಿಲ್ಲತೊಡಗಿದ್ದು ಈಗ ಎಂದು ಮುಂದಿನ ಶುಕ್ರವಾರ ಚಿಗವ್ವ ನಕ್ಕರು. ಕೇಳಿ ನನಗೆ ಬಹಳ ಖುಷಿಯಾಯಿತು.

"ನಿಮಗ ಕೈ ಭಾರ ಅನಸಂಗಿಲ್ಲೇನ್ರಿ ಚಿಗವ್ವಾ?" ಎಂದು ಕೇಳಿದೆ.

"ಭಾರ ಇಲ್ರಿ. ಗಂಜಿ ವಾಸನಿ. ಗಂಜಿ ಕೊಟ್ಟು ನನ್ನೂ ಮಗ್ಗಕ್ಕ ಏರಸ್ತಾರೋ ಏನೋ ಅಂತ ಅಂಜಿಕಿ."

ಸೊಟ್ಟ ಮೂಲೆ

ಒಂದು ಸೋಮವಾರ ರೋಣದಲ್ಲಿ ದವಾಖಾನೆಯ ಬಾಗಿಲು ತೆರೆಯುವುದರೊಳಗೆ ಕಾಕಾ, ಚಿಗವ್ವ ಮೆಟ್ಟಿಲ ಮೇಲೆ ಕೂತಿದ್ದರು. ಶುಕ್ರವಾರದ ತನಕ ಕಾಯದೆ ಗಜೇಂದ್ರಗಡದ ಮೊದಲ ಬಸ್ಸು ಹಿಡಿದು ಬಂದಿದ್ದರು. ಕಾಕಾನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಹೋತು ಸಾಹೇಬ್ರ. ಎರಡೂ ಒಮ್ಮೆಲೇ ಹ್ವಾದುವು."

ಆದದ್ದು ಇಷ್ಟು. ಮುಂಜಾನೆ ಬಟ್ಟೆ ತೂಗುಹಾಕಿ ನೋಡಿದರೆ ಬಲಗಡೆಯ ಕೆಳಗಿನ ಮೂಲೆ ಪೂರಾ ಸೊಟ್ಟ. ಎಡಗಣ್ಣು ಮುಚ್ಚಿದರೂ ಸೊಟ್ಟ, ಬಲಗಣ್ಣು ಮುಚ್ಚಿದರೂ ಸೊಟ್ಟ. ಹೆಂಡತಿಯನ್ನು ನಿಲ್ಲಿಸಿ, ಅಂಗೈಯಿಂದ ಕಣ್ಣು ಮುಚ್ಚಿ ಕೇಳಿದ್ದಾರೆ. ಚಿಗವ್ವ ಸೆರಗು ಸರಿಮಾಡಿಕೊಳ್ಳುತ್ತ "ನನಗ ನೆಟ್ಟಗ ಕಾಣ್ತಾವ್ರಿ" ಅಂದಿದ್ದಾರೆ. ಇನ್ನೊಂದು ಕಣ್ಣಿಗೂ ನೆಟ್ಟಗೆ ಅಂದಿದ್ದಾರೆ. ಹೆಂಡತಿಗೆ ನೆಟ್ಟಗೆ, ತನಗೆ ಸೊಟ್ಟ. ಕಾಕಾ ಬೇರೆ ಏನು ತಿಳಿಯಬೇಕು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೊಂದು ಕಣ್ಣು ಮುಚ್ಚಿ ಲೈಟಿನ ಕಂಬ ನೋಡುತ್ತ ಬಂದಿದ್ದರು. ನಡುವೆ ಒಮ್ಮೆ ಚಿಗವ್ವನ ಕಡೆ ತಿರುಗಿ, ಒಂದು ಕಣ್ಣನ್ನೂ ಮುಚ್ಚದೆ, ಸುಮ್ಮನೆ ಬಹಳ ಹೊತ್ತು ಅವರ ಮುಖ ನೋಡಿದರಂತೆ.

ನಾನು ಬಟ್ಟೆ ಇಸಿದುಕೊಂಡು ಗೋಡೆಗೆ ಹಿಡಿದೆ. ಬಲಗಡೆಯ ಕೆಳಗಿನ ಮೂಲೆ ಸೊಟ್ಟ ಕಂಡಿತು. ಒಂದು ಕಣ್ಣು ಮುಚ್ಚಿದೆ, ಸೊಟ್ಟ. ಇನ್ನೊಂದು ಮುಚ್ಚಿದೆ, ಸೊಟ್ಟ. ಸುಳ್ಳು ಹೇಳುವುದಿಲ್ಲ, ನನ್ನ ಎರಡೂ ಕಣ್ಣು ಹೋದವು ಎಂದೇ ತಿಳಿದೆ. ಬಾಯಾರನ್ನು ಕರೆದೆ. ಅವರು ನೋಡಿ, ಒಂದು ಕಣ್ಣನ್ನೂ ಮುಚ್ಚದೆ ಹೇಳಿದರು: "ಬಟ್ಟೀನೇ ಸೊಟ್ಟ ಐತಲ್ಲ."

ಕಾಕಾನಿಗೆ ಸಮಾಧಾನವಾಗುತ್ತದೆ ಎಂದು ನಾನು ತಿಳಿದಿದ್ದೆ. ಅವರು ಎದ್ದು ನಿಂತರು. "ಕಣ್ಣ ಹೋಗೇತಿ ಅಂದ್ರ ತಡಕೊಂತೀನಿ. ನನ್ನ ನೇಯ್ಗಿ ಸೊಟ್ಟ ಐತಿ ಅಂದ್ರ ತಡಕೊಳ್ಳಂಗಿಲ್ಲ. ಇನ್ನೊಮ್ಮೆ ನೋಡ್ರಿ."

ಅವರ ಸಮಾಧಾನಕ್ಕೆ ನಮ್ಮ ಹಳೇ ಕಾರ್ಡು ಕೊಟ್ಟೆ. ಬಲಗಣ್ಣಿಗೆ ಎಲ್ಲ ನೆಟ್ಟಗೆ. ಎಡಗಣ್ಣಿಗೂ ನೆಟ್ಟಗೆ ಅಂದರು, ಆಮೇಲೆ ತಿರಸ್ಕಾರದಿಂದ ಸೇರಿಸಿದರು: "ಮ್ಯಾಗ ಎರಡ ಸಾಲ ಒಂದೀಟ ಬಾಗ್ಯಾವ. ಅದ ನಿಮ್ಮ ಛಾಪಖಾನಿಯವನ ತಪ್ಪು, ನಾ ಅವತ್ತ ಹೇಳಿದ್ದೆ."

ನಾನು ನಕ್ಕೆ. ಬಾಯಾರು ನಗಲಿಲ್ಲ. ಅವರು ಕಾಕಾನ ಕೈಯಲ್ಲಿದ್ದ ಕಾರ್ಡನ್ನು ತಲೆಕೆಳಗು ಮಾಡಿ ಕೊಟ್ಟರು. "ಛಾಪಖಾನಿ ತಪ್ಪಾಗಿದ್ರ ಬಾಗಿದ್ದು ಈಗ ಕೆಳಗ ಬರಬೇಕು. ನೋಡ್ರಿ."

ಕಾಕಾ ಚುಕ್ಕೆ ನೋಡಿದರು. ಸ್ವಲ್ಪ ಹೊತ್ತಾಯಿತು. "ಮ್ಯಾಗ ಐತ್ರಿ" ಅಂದರು, ಬಹಳ ಸಣ್ಣ ದನಿಯಲ್ಲಿ.

ಹನಿ ಹಾಕಿದೆ. ಬಾಯಾರು ನೋಡಿದರು. ಎಡಗಣ್ಣಿನ ಪರದೆಯಲ್ಲಿ, ನಟ್ಟನಡುವಿನ ಹತ್ತಿರ, ಹೊಸದಾಗಿ ಸೋರತೊಡಗಿತ್ತು. ನಡುವನ್ನು ಇನ್ನೂ ಮುಟ್ಟಿರಲಿಲ್ಲ. ಇವತ್ತೇ ಹುಬ್ಬಳ್ಳಿಗೆ ಹೋಗಬೇಕು, ಕಣ್ಣೊಳಗೆ ಇಂಜೆಕ್ಷನ್ ಕೊಡುತ್ತಾರೆ, ಇಷ್ಟು ಲಗೂ ಬಂದದ್ದು ಬಹಳ ಚಲೋ ಆಯಿತು, ತಡವಾಗಿದ್ದರೆ ಈ ಕಣ್ಣಿನ ನಡುವಿನ ನೋಟ ಹೋಗುತ್ತಿತ್ತು ಎಂದರು. ಕಣ್ಣೊಳಗೆ ಸೂಜಿ ಎಂದರೆ ಎಂಥವರೂ ಹೆದರುತ್ತಾರೆ. ಕಾಕಾ ಸೂಜಿ ಯಾವ ನಂಬರಿನದು ಎಂದು ಕೇಳಿದರು. ಬಹಳ ಸಣ್ಣದು ಎಂದ ಮೇಲೆ ತಲೆದೂಗಿದರು.

"ಇಷ್ಟ ಸಣ್ಣ ಬಾಗಿದ್ದು ಅರಬ್ಯಾಗ ಕಂಡಿದ್ರೂ ನಾ ಬರ್ತಿರಲಿಲ್ಲ" ಎಂದು ತಾವಾಗಿ ಒಪ್ಪಿಕೊಂಡರು. "ಎಳಿ ಸಡ್ಲಾಗೇತಿ ಅಂತ ಬಿಡ್ತಿದ್ದೆ. ಆ ಮೂಲಿ ನೋಡಿನ ಎದಿ ಧಸಕ್ಕಂದಿದ್ದು. ಮೂಲಿ ಹ್ಯಾಂಗ ಸೊಟ್ಟ ಆತೋ ಆ ದೇವರಿಗೇ ಗೊತ್ತು."

ಆಗ ಚಿಗವ್ವ ಅಳಲು ಶುರುಮಾಡಿದರು. ದೇವರ ಜೊತೆ ಅವರಿಗೂ ಗೊತ್ತಿತ್ತು.

"ನಾನ್ರೀ. ಕಾಳ ಕಟ್ಟೂ ಅರಬಿ ಹರದಿತ್ತು. ನಿನ್ನಿ ಈ ಚೌಕಡಿ ಅರಬ್ಯಾಗ ಮಡಕಿಕಾಳ ಮೊಳಕಿ ಕಟ್ಟಿ ಗೂಟಕ್ಕ ತೂಗಹಾಕಿದ್ದೆ. ಹಸಿ ಭಾರಕ್ಕ ಎಳೀತು. ಎಷ್ಟ ಜಗ್ಗಿದ್ರೂ ನೆಟ್ಟಗ ಆಗ್ಲಿಲ್ಲ. ನೀವ ಕೇಳಿದ್ರಿ, ಅಂಜಿ ನೆಟ್ಟಗ ಕಾಣ್ತಾವ ಅಂದೆ. ಬಸ್ಸಿನ್ಯಾಗ ಹೇಳಬೇಕಂದೆ, ನೀವ ಹಂಗ ನನ್ನ ಮಾರಿ ನೋಡಿಕೊಂತ ಕುಂತ್ರಿ, ಬಾಯಿ ಬರಲಿಲ್ಲ."

ಐವತ್ತಾರು ವರ್ಷ ಮಗ್ಗದಲ್ಲಿ ಕೂತ ಮನುಷ್ಯ. ಅವರು ನೇಯ್ದದ್ದರಲ್ಲಿ ಕಾಳು ಕಟ್ಟಿದ್ದಾರೆ. ಏನಾಗುತ್ತದೋ ಎಂದು ನಾನು ಇಬ್ಬರ ನಡುವೆ ಸ್ಟೂಲು ಸರಿಸಿಕೊಂಡೆ. ಕಾಕಾ ಬಹಳ ಹೊತ್ತು ಬಟ್ಟೆ ನೋಡಿದರು, ಆಮೇಲೆ ಹೆಂಡತಿಯನ್ನು.

"ಮೊಳಕಿ ಬಂದಿದ್ದುವು?"

"ಒಂದೂ ಬಿಡಲಾರದ ಬಂದಿದ್ದುವ್ರಿ. ಅಷ್ಟ ಚಂದ ನೇದೀರಿ, ನೀರ ಇಳೀತು, ಕಾಳ ಒಂದೂ ಇಳೀಲಿಲ್ಲ."

"ಹ್ಞಾಂ" ಅಂದರು ಕಾಕಾ, ಅವರ ಮುಖದ ಮೇಲೆ ರಕ್ತ ವಾಪಸ್ ಬಂತು. ಇಬ್ಬರೂ ನಮ್ಮ ಜೀಪಿನಲ್ಲೇ ಹುಬ್ಬಳ್ಳಿಯ ಬಸ್ಸಿಗೆ ಹೋದರು.

ಮೂರು ತಿಂಗಳಲ್ಲಿ ಮೂರು ಇಂಜೆಕ್ಷನ್ ಆದವು. ಮೂರನೆಯದು ಮುಗಿಸಿ ಗಜೇಂದ್ರಗಡದ ಶಿಬಿರಕ್ಕೆ ಬಂದ ದಿನ ಕಾಕಾ ಎಡಗಣ್ಣಿನಿಂದ ಕಾರ್ಡು ನೋಡಿ, ಮೇಲಿನ ಸಾಲು ನೆಟ್ಟಗಿದೆ, ಏಳನೆಯ ಸಾಲು ಮಾತ್ರ ಒಂದೆಳೆ ಸರಿದಿದೆ ಅಂದರು. ಬಾಯಾರು ನೋಡಿ, ಸೋರುವುದು ನಿಂತಿದೆ, ನೋಟ ಉಳಿದಿದೆ, ಮಗ್ಗಕ್ಕೆ ಇಳಿಯಲು ಅಡ್ಡಿ ಇಲ್ಲ ಎಂದರು. ಆ ಮಾತು ಕೇಳಿ ನನಗೆ ಕಣ್ಣು ತುಂಬಿ ಬಂತು, ಹನಿ ಹಾಕುವ ಬಾಟಲಿ ಹುಡುಕುವವನಂತೆ ಆಚೆ ತಿರುಗಿದೆ. ಕೊನೆಗೆ ಬಾಯಾರು ಎಚ್ಚರಿಕೆಯನ್ನೂ ಹೇಳಿದರು: ಈಗ ಬಲಗಣ್ಣಿನ ಮೇಲೆ ನಿಗಾ ಇರಬೇಕು, ಅದೂ ಒಂದು ದಿನ ಸೋರಬಹುದು, ಹೊಸದರಲ್ಲೇ ಹಿಡಿಯಬೇಕು.

ಚಿಗವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

"ಹಂಗಾರ ಬಾಯಾರ, ಬಲಗಣ್ಣಿನ ಸಲುವಾಗಿ ಕಾಳ ಯಾವತ್ತ ಕಟ್ಟಲಿ, ಹೇಳಿಬಿಡ್ರಿ."

ಬಾಯಾರು ಬಾಯಿ ತೆರೆಯುವ ಮೊದಲೇ ಕಾಕಾ, ಅಷ್ಟೇ ಗಂಭೀರವಾಗಿ, ಅಪ್ಪಣೆ ಕೊಟ್ಟರು: "ಗುರುವಾರ ಕಟ್ಟು. ಶುಕ್ರವಾರ ಇವರ ಇಲ್ಲೇ ಬರ್ತಾರ, ಬಸ್ಸಿನ ತ್ರಾಸ ತಪ್ತೈತಿ."

ಒಂಬತ್ತು ವರ್ಷದಲ್ಲಿ ಮೊದಲ ಸಲ ಬಾಯಾರು ನಕ್ಕರು. ಎಷ್ಟು ನಕ್ಕರೆಂದರೆ, ಅವರ ಕಣ್ಣು ಒರೆಸಲು ಬಟ್ಟೆ ಬೇಕಾಯಿತು, ಮತ್ತು ಅವಸರದಲ್ಲಿ ಕೈಗೆ ಸಿಕ್ಕಿದ್ದು ದವಾಖಾನೆಗೆಂದು ಕಾಕಾ ನೇಯ್ದುಕೊಟ್ಟ, ನಾವು ಶಿಬಿರಗಳಿಗೂ ಒಯ್ಯುವ ಚೌಕಡಿಯ ಸೆರಗು. ಕಾಕಾ ಅದನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಗೋಡೆಗೆ ತೂಗುಹಾಕಿದರು. "ಬ್ಯಾಡ್ರಿ ಬಾಯಾರ" ಅಂದರು. "ಇದೂ ಸೊಟ್ಟ ಆದ್ರ ಇಡೀ ಗಜೇಂದ್ರಗಡ ನಾಳಿ ಹುಬ್ಬಳ್ಳಿ ಬಸ್ಸಿಗೆ ಪಾಳಿ ಹಚ್ಚತೈತಿ."